ವಯಸ್ಸಾದ ನಾಯಿಯ ಕಾಲಿಗೆ ಗಾಯ ಆದರೆ ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ

ನಮ್ಮ ಕೆಂಚನಿಗೆ 12 ವರ್ಷ. ಚಿತ್ರದುರ್ಗದ ಬೀದಿಯಲ್ಲೇ ಹುಟ್ಟಿ ನಮ್ಮ ಮನೆಯಲ್ಲಿ ಬೆಳೆದವನು. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಚಂದ್ರವಳ್ಳಿ ಕಡೆ ವಾಕಿಂಗ್ ಹೋಗಿದ್ದಾಗ ಯಾರೋ ಪುಣ್ಯಾತ್ಮರು ಒಡೆದು ಹೋಗಿದ್ದ ಬಾಟಲಿ ಮೇಲೆ ಮುಂದಿನ ಬಲಗಾಲು ಇಟ್ಟ. ಕುಂಯ್ ಅನ್ನಲಿಲ್ಲ. ನಾನು ಮುಂದೆ ಹೋಗುತ್ತಲೇ ಇದ್ದೆ. ತಿರುಗಿ ನೋಡಿದರೆ, ಗೋಕುಲಾಷ್ಟಮಿಗೆ ಬಾಗಿಲಿಂದ ದೇವರ ಕೋಣೆ ತನಕ ಪುಟ್ಟ ಪಾದ ಬರೆಯುತ್ತಾರಲ್ಲ, ಹಾಗೆ ಬಂಡೆ ಮೇಲೆ ಸಾಲಾಗಿ ಕೆಂಪು ಹೆಜ್ಜೆ.

ಆ ಗಾಯ ಪೂರ್ತಿ ವಾಸಿ ಆಗಿ ಅವನು ಮೊದಲಿನ ಹಾಗೆ ನಡೆಯಲು ಹತ್ತಿರ ಹತ್ತಿರ ಎರಡು ತಿಂಗಳು ಹಿಡಿಯಿತು. ಅದರಲ್ಲಿ ಒಂದು ವಾರ ನನ್ನದೇ ದಡ್ಡತನದ ಕೊಡುಗೆ, ಅದನ್ನೂ ಹೇಳುತ್ತೇನೆ. ಮರಿ ನಾಯಿಗೆ ಇಂಥ ಗಾಯ ಆದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಅದು ಮೂರು ಕಾಲಲ್ಲೇ ಕುಣಿದುಕೊಂಡು ಇರುತ್ತದೆ. ವಯಸ್ಸಾದ ನಾಯಿಗೆ ಹಾಗಲ್ಲ. ಚರ್ಮ ಕೂಡುವುದು ನಿಧಾನ, ಕೀಲು ಮೊದಲೇ ಹಿಡಿದುಕೊಂಡಿರುತ್ತದೆ, ಒಂದು ಕಾಲಿನ ಭಾರ ಉಳಿದ ಮೂರು ಕಾಲಿಗೆ ಬೀಳುತ್ತದೆ. ಹಾಗಾಗಿ ಗಾಯ ನೋಡಿಕೊಳ್ಳುವುದು ಅರ್ಧ ಕೆಲಸ ಮಾತ್ರ. ಗಾಯ ಆಗದ ಮೂರು ಕಾಲನ್ನು ನೋಡಿಕೊಳ್ಳುವುದು ಇನ್ನರ್ಧ.

ಮೊದಲ ಅರ್ಧ ಗಂಟೆ

ನಾಯಿಯ ಅಂಗಾಲಿನ ಮೆತ್ತೆಗೆ, ಅಂದರೆ ಪ್ಯಾಡಿಗೆ, ಗಾಯ ಆದರೆ ರಕ್ತ ಜಾಸ್ತಿ ಹೋಗುತ್ತದೆ. ನೋಡಿದರೆ ಜೀವ ಬಾಯಿಗೆ ಬರುತ್ತದೆ. ಗಾಬರಿ ಬೇಡ. ಒಂದು ಶುಭ್ರವಾದ ಬಟ್ಟೆ ಮಡಚಿ ಗಾಯದ ಮೇಲೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. 5ರಿಂದ 10 ನಿಮಿಷ. ನಡುವೆ "ನಿಂತಿತಾ" ಅಂತ ಎತ್ತಿ ನೋಡಬೇಡಿ, ಪ್ರತಿ ಸಲ ಎತ್ತಿದಾಗಲೂ ಹೆಪ್ಪು ಕಿತ್ತು ಬರುತ್ತದೆ. ಬಟ್ಟೆ ನೆಂದರೆ ಅದರ ಮೇಲೇ ಇನ್ನೊಂದು ಬಟ್ಟೆ ಇಡಿ. ಕಾಲು ಗಂಟೆ ಒತ್ತಿದರೂ ನಿಲ್ಲುತ್ತಿಲ್ಲ, ಅಥವಾ ರಕ್ತ ಚಿಮ್ಮುತ್ತಿದೆ ಅಂದರೆ ಒತ್ತಿಕೊಂಡೇ ಆಸ್ಪತ್ರೆಗೆ ಹೊರಡಿ.

ಒಂದು ಎಚ್ಚರಿಕೆ. ಎಷ್ಟೇ ಸಾಧು ನಾಯಿ ಆದರೂ ನೋವಲ್ಲಿ ಕಚ್ಚುತ್ತದೆ. ಒಂದು ಹಳೇ ದುಪಟ್ಟಾ ಅಥವಾ ಉದ್ದ ಬಟ್ಟೆ ತಗೊಂಡು ಮೂತಿಯ ಸುತ್ತ ಒಂದು ಸುತ್ತು ಹಾಕಿ, ಗದ್ದದ ಕೆಳಗೆ ಅಡ್ಡ ಮಾಡಿ, ಕಿವಿಯ ಹಿಂದೆ ಬಿಚ್ಚಲು ಬರುವ ಹಾಗೆ ಗಂಟು ಹಾಕಿ. ವಾಂತಿ ಮಾಡುತ್ತಿದ್ದರೆ, ಉಸಿರಾಡಲು ಕಷ್ಟ ಪಡುತ್ತಿದ್ದರೆ, ಅಥವಾ ಪಗ್ ತರದ ಚಪ್ಪಟೆ ಮೂತಿ ಆದರೆ ಹೀಗೆ ಕಟ್ಟಬಾರದು. ಕಚ್ಚಿಸಿಕೊಂಡರೆ ಸೋಪು ಹಚ್ಚಿ ನಲ್ಲಿ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. "ನಮ್ಮ ನಾಯಿನೇ ಅಲ್ವಾ" ಅಂತ ಬಿಡಬೇಡಿ.

ನಾನು ಕೆಂಚನನ್ನು ಬೈಕಿನ ಟ್ಯಾಂಕ್ ಮೇಲೆ ಕೂರಿಸಿಕೊಂಡು ಮನೆಗೆ ಬಂದಾಗ ಪಕ್ಕದ ಮನೆ ಅಜ್ಜಿ ಆಗಲೇ ಡಬ್ಬಿ ಹಿಡಿದು ನಿಂತಿದ್ದರು. "ಕಾಫಿಪುಡಿ ಮೆತ್ತಪ್ಪ, ರಕ್ತ ಗಪ್ ಅಂತ ನಿಲ್ತದೆ." ಪ್ರೀತಿಯಿಂದಲೇ ಹೇಳಿದ್ದು. ಆದರೆ ನಾಯಿ ಅದನ್ನು ನೆಕ್ಕುತ್ತದೆ, ಕಾಫಿಯಲ್ಲಿರುವ ಕೆಫೀನ್ ನಾಯಿಗೆ ವಿಷ. ಅರಿಶಿನ ವಿಷ ಅಲ್ಲ, ಆದರೆ ಆಳದ ಗಾಯಕ್ಕೆ ಪುಡಿ ತುಂಬಿದರೆ ಅದು ಒಣಗಿ ಗಟ್ಟಿ ಆಗಿ ಒಳಗಿನ ಕೊಳೆ ಹೊರಗೆ ಬರದ ಹಾಗೆ ಕೂರುತ್ತದೆ, ಆಮೇಲೆ ಡಾಕ್ಟರು ಅದನ್ನು ಕೆರೆದು ತೆಗೆಯಬೇಕು. ಸುಣ್ಣ, ಬೂದಿ, ಟೂತ್‌ಪೇಸ್ಟ್ ಎಲ್ಲವೂ ಬೇಡ. ಟಾರು ರಸ್ತೆಯ ಬಿಸಿಗೆ ಅಂಗಾಲು ಸುಟ್ಟಿದ್ದರೆ ಬೆಣ್ಣೆ ಸವರುವವರೂ ಇದ್ದಾರೆ. ಬೆಣ್ಣೆ ದಾವಣಗೆರೆಯಲ್ಲಿ ದೋಸೆ ಮೇಲೆ ಇರಲಿ. ಸುಟ್ಟ ಕಾಲಿಗೆ ಬೇಕಾಗಿರುವುದು ತಣ್ಣೀರು, 10ರಿಂದ 20 ನಿಮಿಷ. ಐಸ್ ಕೂಡ ಬೇಡ.

ರಕ್ತ ನಿಂತ ಮೇಲೆ ಬೆಳಕಿಗೆ ಹಿಡಿದು ನೋಡಿ. ಬೆರಳ ಸಂದಿಗಳನ್ನು ಬಿಡಿಸಿ ನೋಡಬೇಕು, ಅಲ್ಲೇ ಅಡಗಿರುವುದು. ನಮ್ಮ ಕಡೆ ನೆಗ್ಗಿಲ ಮುಳ್ಳು, ಜಾಲಿ ಮುಳ್ಳು ಸಾಮಾನ್ಯ. ಮೇಲೆಯೇ ಇದ್ದರೆ ಚಿಮಟದಲ್ಲಿ ಹಿಡಿದು ನೇರವಾಗಿ ಎಳೆಯಿರಿ. ಆಳಕ್ಕೆ ಹೋದ ಗಾಜು, ಮೊಳೆ ಇದ್ದರೆ ಮುಟ್ಟಬೇಡಿ, ಅದೇ ರಕ್ತವನ್ನು ತಡೆದು ನಿಲ್ಲಿಸಿರಬಹುದು.

ತೊಳೆಯಲು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಟೀ ಚಮಚದಲ್ಲಿ ಸಮ ಮಾಡಿ ಒಂದೂವರೆ ಚಮಚ. ಸೂಜಿ ಇಲ್ಲದ ದೊಡ್ಡ ಸಿರಿಂಜಿನಲ್ಲಿ ತುಂಬಿ ಗಾಯದೊಳಕ್ಕೆ ಹಾಯಿಸಿ, ಮಣ್ಣು ಮರಳು ಎದ್ದು ಬರುತ್ತದೆ. ಆಮೇಲೆ ಪೊವಿಡೋನ್ ಅಯೋಡಿನ್, ಅಂದರೆ ಗಾಯಕ್ಕೆ ಹಾಕುವ ಕಂದು ಬಣ್ಣದ ಔಷಧಿಯನ್ನು, ತಿಳಿ ಟೀ ಬಣ್ಣ ಬರುವಷ್ಟು ನೀರಿಗೆ ಬೆರೆಸಿ ಹಾಕಬಹುದು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬುಸುಬುಸು ನೊರೆ ಬರುತ್ತದೆ, ಉರಿಯುತ್ತದೆ, "ಕೆಲಸ ಮಾಡ್ತಿದೆ" ಅನ್ನಿಸುತ್ತದೆ. ನಿಜಕ್ಕೂ ಅವು ಹೊಸದಾಗಿ ಕೂಡಿಕೊಳ್ಳುತ್ತಿರುವ ಚರ್ಮವನ್ನೇ ಸುಡುತ್ತವೆ.

ಡಾಕ್ಟರ ಹತ್ತಿರ ಯಾವಾಗ

ವಯಸ್ಸಾದ ನಾಯಿ ಅಂದರೆ ನನ್ನ ಲೆಕ್ಕದಲ್ಲಿ ಅನುಮಾನ ಬಂದರೆ ಹೋಗುವುದೇ. ಮೆತ್ತೆ ಬಾಯಿ ಬಿಟ್ಟಿದ್ದರೆ, ಒಳಗಿನ ಕೊಬ್ಬು ಕಾಣುತ್ತಿದ್ದರೆ, ಉಗುರು ಬುಡದಿಂದ ಮುರಿದಿದ್ದರೆ, ಕಾಲನ್ನು ನೆಲಕ್ಕೆ ಮುಟ್ಟಿಸುತ್ತಲೇ ಇಲ್ಲದಿದ್ದರೆ ಕಾಯಬೇಡಿ. ಹೊಲಿಗೆ ಬೇಕಾದರೆ ಗಾಯ ಹಸಿ ಇರುವಾಗಲೇ, ಸಾಧ್ಯವಾದರೆ ಕೆಲವೇ ಗಂಟೆಗಳಲ್ಲಿ ಹಾಕಿಸಬೇಕು. ಬೇರೆ ನಾಯಿ ಕಚ್ಚಿ ಆದ ಗಾಯ ಆದರೆ ವರ್ಷ ವರ್ಷ ರೇಬೀಸ್ ಲಸಿಕೆ ಹಾಕಿಸಿದ್ದರೂ ಮತ್ತೆ ಹಾಕಿಸಬೇಕು, ಇದರಲ್ಲಿ ಚೌಕಾಸಿ ಇಲ್ಲ. ಎಲ್ಲರೂ ಕೇಳುವುದು ಟಿಟಿ ಇಂಜೆಕ್ಷನ್ ಬಗ್ಗೆ. ಮನುಷ್ಯರಿಗೆ, ಕುದುರೆಗೆ ಹೋಲಿಸಿದರೆ ನಾಯಿಗೆ ಧನುರ್ವಾಯು ಬರುವುದು ತೀರಾ ಅಪರೂಪ, ಹಾಗಾಗಿ ಡಾಕ್ಟರು ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಕೊಡಲಿಲ್ಲ ಅಂತ ಅವರ ಮೇಲೆ ಮುನಿಸಿಕೊಳ್ಳಬೇಡಿ.

ಹಾಂ, ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಮನೆಯ ಡಬ್ಬಿಯಲ್ಲಿರುವ ನೋವಿನ ಮಾತ್ರೆ ನಾಯಿಗೆ ಬೇಡ. ಡೋಲೋ ಬೇಡ, ಕಾಂಬಿಫ್ಲಾಮ್ ಬೇಡ, ಡೈಕ್ಲೋಫೆನಾಕ್ ಬೇಡ. ಡೋಲೋದಲ್ಲಿರುವ ಪ್ಯಾರಾಸಿಟಮಾಲ್ ಲಿವರ್ ಮತ್ತು ರಕ್ತ ಕೆಡಿಸುತ್ತದೆ, ಉಳಿದವು ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಗೆ ಹೊಡೆಯುತ್ತವೆ. ಡೈಕ್ಲೋಫೆನಾಕ್ ಕೊಟ್ಟ ದನದ ಹೆಣ ತಿಂದು ರಣಹದ್ದುಗಳು ಸತ್ತವು ಅಂತಲೇ 2006ರಲ್ಲಿ ಅದನ್ನು ಪ್ರಾಣಿಗಳಿಗೆ ಕೊಡುವುದನ್ನು ನಮ್ಮ ದೇಶದಲ್ಲಿ ನಿಲ್ಲಿಸಿದರು. ನಾಯಿಗೆಂದೇ ಬೇರೆ ನೋವಿನ ಔಷಧಿ ಇವೆ, ತೂಕ ನೋಡಿ ಕೊಡುತ್ತಾರೆ. ಹತ್ತು ವರ್ಷ ದಾಟಿದ ನಾಯಿ ಆದರೆ ಮೊದಲು ಕಿಡ್ನಿ, ಲಿವರ್ ರಕ್ತ ಪರೀಕ್ಷೆ ಮಾಡೋಣವಾ ಅಂತ ನೀವೇ ಕೇಳಿ. ಸಕ್ಕರೆಯನ್ನೂ ನೋಡಿಸಿ. ಸಕ್ಕರೆ ಕಾಯಿಲೆ ಇದ್ದರೆ ಗಾಯ ಬೇಗ ಒಣಗುವುದಿಲ್ಲ.

ಪಟ್ಟಿ ಕಟ್ಟುವುದು, ಮತ್ತು ನಾನು ಮಾಡಿದ ಎಡವಟ್ಟು

ಮೊದಲ ಡ್ರೆಸಿಂಗ್ ಡಾಕ್ಟರು ಮಾಡುತ್ತಾರೆ. ಹತ್ತಿರ ನಿಂತು ನೋಡಿ, ಬೇಕಿದ್ದರೆ ವಿಡಿಯೋ ಮಾಡಿಕೊಳ್ಳಿ. ಆಮೇಲಿನದು ಹೆಚ್ಚಿನದು ನಮ್ಮ ಕೈಯಲ್ಲೇ. ಮೆಡಿಕಲ್ ಶಾಪಿನಲ್ಲಿ ಪ್ಯಾರಾಫಿನ್ ಗಾಜ್ (ಗಾಯಕ್ಕೆ ಅಂಟದ ಹಾಗೆ ಜಿಡ್ಡು ಹಚ್ಚಿದ ಜಾಲರಿ ಬಟ್ಟೆ), ಹತ್ತಿ ಸುರುಳಿ, ಬ್ಯಾಂಡೇಜ್ ಬಟ್ಟೆ, ಕ್ರೇಪ್ ಬ್ಯಾಂಡೇಜ್, ಅಂಟುಪಟ್ಟಿ ತನ್ನಿ. (ನಮ್ಮಮ್ಮನಿಗೆ "ಗಾಜ್ ತಂದೆ, ಗಾಯದ ಮೇಲೆ ಇಡಬೇಕು" ಅಂದೆ. "ಗಾಜು ಚುಚ್ಚಿದ್ದಕ್ಕೆ ಮತ್ತೆ ಗಾಜಾ?" ಅಂದರು.)

ಮೊದಲು ಬೆರಳ ಸಂದಿ ಪೂರ್ತಿ ಒಣಗಿಸಿ. ಪ್ರತಿ ಸಂದಿಯಲ್ಲೂ ಒಂದೊಂದು ಎಳೆ ಹತ್ತಿ ಇಡಿ. ಮುಂಗಾಲಿನ ಒಳಬದಿಗೆ ಮೇಲೆ ಒಂದು ಒಂಟಿ ಉಗುರು ಇರುತ್ತದಲ್ಲ, ಅದರ ಕೆಳಗೂ ಇಡಬೇಕು, ಇಲ್ಲದಿದ್ದರೆ ಪಟ್ಟಿಯ ಬಿಗಿಗೆ ಅದು ಚರ್ಮಕ್ಕೆ ಒತ್ತಿ ಹೊಸ ಗಾಯ ಮಾಡುತ್ತದೆ. ಗಾಯದ ಮೇಲೆ ಪ್ಯಾರಾಫಿನ್ ಗಾಜ್. ಅದರ ಮೇಲೆ ಹತ್ತಿ ಎರಡು ಸುತ್ತು. ಆಮೇಲೆ ಬ್ಯಾಂಡೇಜ್ ಬಟ್ಟೆಯನ್ನು ಬೆರಳಿನಿಂದ ಶುರು ಮಾಡಿ ಮೇಲಕ್ಕೆ, ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚುವ ಹಾಗೆ. ಮೇಲಿಂದ ಕೆಳಕ್ಕೆ ಸುತ್ತಿದರೆ ರಕ್ತವೆಲ್ಲ ಕೆಳಗೆ ಸೇರಿ ಪಾದ ಊದಿಕೊಳ್ಳುತ್ತದೆ. ಮಣಿಕಟ್ಟಿನ ಗಂಟು ದಾಟಿ ಮೇಲೆ ತನಕ ಹೋಗಬೇಕು, ಕೆಳಗೇ ನಿಲ್ಲಿಸಿದರೆ ನಾಲ್ಕು ಹೆಜ್ಜೆಗೆ ಕಾಲುಚೀಲದ ತರ ಕಳಚಿ ಬೀಳುತ್ತದೆ. ಕೊನೆಗೆ ಕ್ರೇಪ್, ಎಳೆಯದೆ ಸುಮ್ನೆ ಸುತ್ತಿ. ಅಂಟುಪಟ್ಟಿ ಅರ್ಧ ಬಟ್ಟೆ ಮೇಲೆ, ಅರ್ಧ ಕೂದಲ ಮೇಲೆ.

ನಡುವಿನ ಎರಡು ಬೆರಳ ತುದಿ ಮಾತ್ರ ಹೊರಗೆ ಕಾಣಲಿ. ಇದೇ ನಿಮ್ಮ ಮೀಟರು. ಬೆಳಿಗ್ಗೆ ಸಂಜೆ ಆ ಎರಡು ಉಗುರು ನೋಡಿ. ಅಕ್ಕಪಕ್ಕ ಕೂತಿದ್ದರೆ ಸರಿ. ಎರಡೂ ದೂರ ದೂರ ಬಿರಿದುಕೊಂಡಿದ್ದರೆ ಒಳಗೆ ಊದುತ್ತಿದೆ, ಪಟ್ಟಿ ಬಿಗಿ ಆಗಿದೆ. ಮುಟ್ಟಿದರೆ ತಣ್ಣಗಿದ್ದರೆ ತಕ್ಷಣ ಬಿಚ್ಚಿ. ಪಟ್ಟಿಯ ಮೇಲ್ತುದಿಯಲ್ಲಿ ನಿಮ್ಮ ಎರಡು ಬೆರಳು ತೂರಬೇಕು. ಮತ್ತೆ, ಮೂಗು ಹತ್ತಿರ ಹಿಡಿದು ವಾಸನೆ ನೋಡಿ. ಅಸಹ್ಯ ಅನ್ನಿಸಬಹುದು, ಆದರೆ ಕಣ್ಣಿಗಿಂತ ಮೊದಲು ಮೂಗಿಗೇ ಗೊತ್ತಾಗುವುದು.

ಈಗ ನನ್ನ ಎಡವಟ್ಟು. ಆರನೇ ದಿನ ಜೋರು ಮಳೆ. ಪಟ್ಟಿ ನೆನೆಯಬಾರದು ಅಂತ ಕೆಂಚನ ಕಾಲಿಗೆ ಪ್ಲಾಸ್ಟಿಕ್ ಕವರ್ ಹಾಕಿ ಮೇಲೆ ರಬ್ಬರ್ ಬ್ಯಾಂಡ್ ಹಾಕಿದೆ. ಹೊರಗೆ ಹೋಗಿ ಬಂದ. ಕರೆಂಟ್ ಇರಲಿಲ್ಲ, ಬಿಚ್ಚುವುದು ಮರೆತು ಮಲಗಿಬಿಟ್ಟೆ. ಬೆಳಿಗ್ಗೆ ಬಿಚ್ಚಿದರೆ ಪಾದ ಇಡೀ ಬೆಳ್ಳಗೆ, ಇಡೀ ದಿನ ಬಟ್ಟೆ ಒಗೆದವರ ಬೆರಳಿನ ಹಾಗೆ ಸುಕ್ಕು, ಹಳಸಿದ ಹಿಟ್ಟಿನ ವಾಸನೆ. ಕೂಡಿಕೊಳ್ಳುತ್ತಿದ್ದ ಅಂಚು ಮತ್ತೆ ಬಿಟ್ಟಿತ್ತು. ರಬ್ಬರ್ ಬ್ಯಾಂಡ್ ಇದ್ದ ಜಾಗದಲ್ಲಿ ಬಳೆಯ ಹಾಗೆ ಕೆಂಪು ಗೆರೆ. ನಾಯಿ ಬೆವರುವುದು ಪಾದದಲ್ಲೇ. ಹೊರಗಿನ ನೀರು ಒಳಗೆ ಬರದಿದ್ದರೂ ಒಳಗಿನ ಬೆವರಿಗೆ ಹೋಗಲು ದಾರಿ ಇರಲಿಲ್ಲ. ಡಾಕ್ಟರು ಬೈಯಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು, ಅದೇ ಸಾಕಾಯಿತು.

ಆವತ್ತು ಅವರು ಕಲಿಸಿದ ಉಪಾಯ ಇದು. ಖಾಲಿಯಾದ ಡ್ರಿಪ್ ಚೀಲ, ನಾವು ಗ್ಲೂಕೋಸ್ ಬಾಟಲಿ ಅನ್ನುತ್ತೇವಲ್ಲ, ಮೆತ್ತಗಿನ ಪ್ಲಾಸ್ಟಿಕ್ಕಿನದು, ಅದನ್ನು ಕೇಳಿ ತನ್ನಿ. ಒಂದು ತುದಿ ಕತ್ತರಿಸಿದರೆ ಒಳ್ಳೆ ಬೂಟು. ಬಾಯಿ ಹತ್ತಿರ ಎರಡು ತೂತು ಮಾಡಿ ಹಳೇ ಶೂ ಲೇಸ್ ಪೋಣಿಸಿ ಸಡಿಲವಾಗಿ ಕಟ್ಟಿ. ದಪ್ಪ ಇರುತ್ತದೆ, ಬೇಗ ಹರಿಯುವುದಿಲ್ಲ. ಹೊರಗೆ ಹೋಗುವ ಹತ್ತು ನಿಮಿಷ ಮಾತ್ರ. ಒಳಗೆ ಬಂದ ತಕ್ಷಣ ತೆಗೆಯಬೇಕು, ಬೇಕಿದ್ದರೆ ಮೊಬೈಲಲ್ಲಿ ಅಲಾರಂ ಇಟ್ಟುಕೊಳ್ಳಿ. ರಬ್ಬರ್ ಬ್ಯಾಂಡ್ ಯಾವ ಕಾರಣಕ್ಕೂ ಬೇಡ, ಕೂದಲಲ್ಲಿ ಹೂತುಹೋದರೆ ಕಾಣುವುದೇ ಇಲ್ಲ.

ಪಟ್ಟಿ ಮೊದಮೊದಲು ದಿನಾ ಬದಲಿಸಬೇಕು, ಕೀವು ರಸ ಕಡಿಮೆ ಆದ ಮೇಲೆ ಎರಡು ಮೂರು ದಿನಕ್ಕೆ ಒಮ್ಮೆ. ಒದ್ದೆ ಆದರೆ ಆ ಕ್ಷಣವೇ.

ನೆಕ್ಕುವುದು. ನಾಯಿ ನೆಕ್ಕಿಯೇ ಗಾಯ ವಾಸಿ ಮಾಡಿಕೊಳ್ಳುತ್ತದೆ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ನೆಕ್ಕಿ ನೆಕ್ಕಿ ಹೊಲಿಗೆ ಬಿಚ್ಚುತ್ತದೆ, ಬಾಯಲ್ಲಿರುವ ಕೊಳೆ ಗಾಯಕ್ಕೆ ಹೋಗುತ್ತದೆ. ಕುತ್ತಿಗೆಗೆ ಹಾಕುವ ಕೋನ್ ಬೇಕೇ ಬೇಕು, ಮೂಗಿನ ತುದಿಗಿಂತ ಸ್ವಲ್ಪ ಮುಂದೆ ಬರುವಷ್ಟು ಉದ್ದದ್ದು. ಕಣ್ಣು ಮಂಜಾದ ನಾಯಿ ಅದನ್ನು ಹಾಕಿಕೊಂಡು ಬಾಗಿಲಿಗೆ, ನಿಮ್ಮ ಮೊಣಕಾಲಿಗೆ ಡಿಕ್ಕಿ ಹೊಡೆಯುತ್ತಾ ಓಡಾಡುತ್ತದೆ, ಪಾಪ ಅನ್ನಿಸುತ್ತದೆ. ಊಟದ ಹೊತ್ತಿಗೆ ತೆಗೆಯಿರಿ, ಪಕ್ಕದಲ್ಲೇ ಕೂತಿರಿ, ಮತ್ತೆ ಹಾಕಿ.

ನೊಣ. ಮಳೆಗಾಲದಲ್ಲಿ ಬಿಟ್ಟ ಗಾಯಕ್ಕೆ ಒಂದೇ ದಿನದಲ್ಲಿ ಹುಳ ಬೀಳಬಹುದು. ವಯಸ್ಸಾದ ನಾಯಿಗೆ ನೊಣ ಓಡಿಸಿಕೊಳ್ಳುವ ಚುರುಕೂ ಇರುವುದಿಲ್ಲ. ಹಗಲು ಮನೆಯೊಳಗೇ ಇರಲಿ, ಫ್ಯಾನ್ ಹಾಕಿ. ಹುಳ ಕಂಡರೆ ಸೀಮೆಎಣ್ಣೆ, ಫಿನಾಯಿಲ್ ಸುರಿಯಬೇಡಿ, ಡಾಕ್ಟರ ಹತ್ತಿರ ಓಡಿ.

ಉಳಿದ ಮೂರು ಕಾಲು

ನಾಯಿಯ ಮೈಭಾರದಲ್ಲಿ ನೂರಕ್ಕೆ ಸುಮಾರು 60 ಭಾಗ ಮುಂದಿನ ಎರಡು ಕಾಲಿನ ಮೇಲೆ ಇರುತ್ತದೆ. ಕೆಂಚನ ಬಲಗಾಲು ಮೇಲೆ ಹೋದಾಗ ಅದರ ಹೆಚ್ಚಿನ ಪಾಲು ಎಡ ಭುಜದ ಮೇಲೆ ಬಿತ್ತು. ಹತ್ತು ದಿನಕ್ಕೆ ಗಾಯದ ಕಾಲು ಸುಧಾರಿಸುತ್ತಿದ್ದರೆ ಎಡಗಾಲು ನಡುಗಲು ಶುರು. ನಮ್ಮ ಮನೆ ನೆಲ ಗ್ರಾನೈಟ್, ಪಟ್ಟಿ ಕಟ್ಟಿದ ಕಾಲು ಅದರ ಮೇಲೆ ಸರ್ ಅಂತ ಜಾರುತ್ತದೆ. ಗೋಣಿಚೀಲ, ರಬ್ಬರ್ ಮ್ಯಾಟ್, ಹಳೇ ಯೋಗ ಮ್ಯಾಟ್, ಏನಿದ್ದರೂ ಸರಿ, ಅವನು ಮಲಗುವ ಜಾಗದಿಂದ ನೀರಿನ ಬಟ್ಟಲು ಮತ್ತು ಬಾಗಿಲಿನ ತನಕ ಒಂದು ರಸ್ತೆ ಹಾಸಿ. ಮಲಗಲು ನಾವು ಚಳ್ಳಕೆರೆ ಕಡೆಯ ಕುರಿಯುಣ್ಣೆ ಕಂಬಳಿ ನಾಲ್ಕು ಮಡಿಕೆ ಮಾಡಿ ಹಾಕಿದೆವು. ಜಾರುವುದಿಲ್ಲ, ಬೆಚ್ಚಗೂ ಇರುತ್ತದೆ. ಬರೀ ನೆಲದಲ್ಲಿ ಬಿದ್ದುಕೊಂಡರೆ ಮೊಣಕೈ ಚರ್ಮ ಸುಲಿದು ಹುಣ್ಣಾಗುತ್ತದೆ. ಏಳದೆ ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಮೂರು ನಾಲ್ಕು ಗಂಟೆಗೆ ಒಮ್ಮೆ ನೀವೇ ಮಗ್ಗುಲು ಬದಲಿಸಿ.

ಎಬ್ಬಿಸುವಾಗ ಕುತ್ತಿಗೆ ಪಟ್ಟಿ ಹಿಡಿದು ಎಳೆಯಬೇಡಿ. ಟವೆಲ್ ಉದ್ದಕ್ಕೆ ಮಡಚಿ ಎದೆಯ ಕೆಳಗೆ ತೂರಿಸಿ ಎರಡೂ ತುದಿ ಮೇಲೆ ಹಿಡಿದುಕೊಳ್ಳಿ, ಭಾರದ ಸ್ವಲ್ಪ ಪಾಲು ನಿಮ್ಮ ಕೈಗೆ ಬರಲಿ. ಹಿಂಗಾಲಿನ ಗಾಯ ಆದರೆ ಹೊಟ್ಟೆಯ ಕೆಳಗೆ. ಮೆಟ್ಟಿಲಿಗೆ ಅಡ್ಡ ಏನಾದರೂ ಇಡಿ. ನಾವು ಕಬ್ಬಿಣದ ಟ್ರಂಕ್ ಇಟ್ಟಿದ್ದೆವು, ಮನೆಯವರೆಲ್ಲ ಒಂದೊಂದು ಸಲ ಎಡವಿದ್ದೇವೆ.

ಹಾಗಂತ ಪೂರ್ತಿ ಮಲಗಿಸಿಬಿಟ್ಟರೆ ಕೀಲು ಬಿಗಿದು ತೊಡೆ ಕರಗುತ್ತದೆ. ಉಚ್ಚೆ, ಕಕ್ಕಸಿಗೆ ದಿನಕ್ಕೆ ನಾಲ್ಕೈದು ಸಲ, ಮೂರು ನಿಮಿಷ, ಹಗ್ಗ ಹಾಕಿಯೇ. ಸಂಜೆ ಹೊತ್ತು ಭುಜ, ತೊಡೆಯನ್ನು ಅಂಗೈಯಲ್ಲಿ ಮೆಲ್ಲಗೆ ಉಜ್ಜಿ. ಎಡಗಾಲು ನಡುಗುವುದು ನಿಂತಿದ್ದು ಇದರಿಂದಲೇ ಅಂತ ನನ್ನ ಅನಿಸಿಕೆ.

ಊಟ ಸ್ವಲ್ಪ ಕಡಿಮೆ ಮಾಡಿ, ಓಡಾಟ ಇಲ್ಲದೆ ತೂಕ ಏರಿದರೆ ಕಾಲಿಗೇ ಕಷ್ಟ. ಮೊಟ್ಟೆ, ಬೇಯಿಸಿದ ಕೋಳಿ ಮಾತ್ರ ಕಡಿಮೆ ಮಾಡಬೇಡಿ, ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ. ನಮ್ಮ ಸಾರು ಬೇಡ. ನಮ್ಮ ಜಿಲ್ಲೆಯಲ್ಲಿ ಈರುಳ್ಳಿ ಇಲ್ಲದೆ ಸಾರು ಆಗುತ್ತದಾ? ಈರುಳ್ಳಿ ನಾಯಿಯ ರಕ್ತ ಕಣ ಒಡೆಯುತ್ತದೆ.

ಮಾತ್ರೆ ನುಂಗಿಸುವುದು ಎಲ್ಲರಿಗೂ ತಲೆನೋವು, ನಮಗೆ ಮಾತ್ರ ಸಲೀಸು. ರಾಗಿ ಮುದ್ದೆ! ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಅನ್ನುವ ನಿಯಮ ಕೆಂಚನಿಗೂ ಗೊತ್ತು. ಗೋಲಿ ಗಾತ್ರದ ಮೂರು ಉಂಡೆ ಮಾಡಿ. ಮೊದಲನೆಯದು ಬರೀ ಮುದ್ದೆ, ಎರಡನೆಯದರಲ್ಲಿ ಮಾತ್ರೆ, ಮೂರನೆಯದನ್ನು ಕಣ್ಣೆದುರೇ ಹಿಡಿದಿರಿ. ಮೂರನೆಯದರ ಆಸೆಗೆ ಎರಡನೆಯದು ಗುಳುಂ. ಆರಿದ ಮುದ್ದೆಯಲ್ಲಿ ಮಾಡಿ, ಬಿಸಿ ಮುದ್ದೆ ಗಂಟಲು ಸುಡುತ್ತದೆ. ಆ್ಯಂಟಿಬಯಾಟಿಕ್ ಹೇಳಿದಷ್ಟು ದಿನ ಪೂರ್ತಿ ಕೊಡಿ.

ಎಷ್ಟು ದಿನ

ಮೊದಲ ಮೂರು ದಿನ ಊತ, ಬಿಸಿ, ಸ್ವಲ್ಪ ರಸ ಸಹಜ. ವಾರದ ಹೊತ್ತಿಗೆ ಗಾಯದ ತಳ ಗುಲಾಬಿ ಬಣ್ಣಕ್ಕೆ ಬರಬೇಕು. ಪ್ಯಾಡಿನ ಹೊಲಿಗೆಯನ್ನು ಎರಡು ವಾರದ ತನಕ, ಕೆಲವು ಸಲ ಇನ್ನೂ ಜಾಸ್ತಿ ಬಿಡುತ್ತಾರೆ, ಯಾಕೆಂದರೆ ಪ್ರತಿ ಹೆಜ್ಜೆಗೂ ಅದು ಎಳೆದುಕೊಳ್ಳುತ್ತದೆ. ಮೇಲೆ ಮುಚ್ಚಿದಂತೆ ಕಂಡರೂ ಮೆತ್ತೆ ಗಟ್ಟಿ ಆಗಲು ಇನ್ನೂ ಕೆಲವು ವಾರ ಬೇಕು. ಎಲ್ಲರೂ ಅವಸರ ಮಾಡಿ ಕೆಡಿಸುವುದು ಇಲ್ಲೇ. ಮೊದಲು ಮಣ್ಣು ನೆಲ, ಮಗುವಿನ ಸಾಕ್ಸ್ ಹಾಕಿ ಐದು ನಿಮಿಷ. ಮಾರನೇ ದಿನ ಕುಂಟು ಜಾಸ್ತಿ ಆಗದಿದ್ದರೆ ಎರಡು ಮೂರು ದಿನಕ್ಕೆ ಎರಡೆರಡು ನಿಮಿಷ ಸೇರಿಸಿ. ಟಾರು ರಸ್ತೆ ಕೊನೆಗೆ, ಅದೂ ನಿಮ್ಮ ಅಂಗೈಯ ಹಿಂಬದಿಯನ್ನು ಅದರ ಮೇಲೆ ಏಳು ಸೆಕೆಂಡ್ ಇಡಲು ಆಗುತ್ತದೆ ಅಂದರೆ ಮಾತ್ರ. ಕೋಟೆ ಕಡೆಯ ಬಂಡೆಗಳು ಸಂಜೆ ಆರಕ್ಕೂ ಹೆಂಚಿನ ಹಾಗೆ ಕಾದಿರುತ್ತವೆ.

ವಾರ ಕಳೆದ ಮೇಲೂ ಕೀವು, ದುರ್ವಾಸನೆ, ಊಟ ಬಿಡುವುದು, ಅಥವಾ ಜ್ವರ ಇದ್ದರೆ ವಾಪಸ್ ಹೋಗಿ. ನಾಯಿಯ ಮೈ ನಮಗಿಂತ ಬಿಸಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ, 103 ದಾಟಿದರೆ ಜ್ವರ. ಇನ್ನೊಂದು ಮಾತು. ಪೆಟ್ಟು ಬಿದ್ದದ್ದು ಯಾವಾಗ ಅಂತಲೇ ಗೊತ್ತಿಲ್ಲ, ಉಗುರಿನ ಬುಡ ಊದಿದೆ, ತಿಂಗಳಾದರೂ ಮಾಯುತ್ತಿಲ್ಲ ಅಂದರೆ ಗಡ್ಡೆ ಇರಬಹುದು. ವಯಸ್ಸಾದ, ಅದರಲ್ಲೂ ದೊಡ್ಡ ಕಪ್ಪು ನಾಯಿಗಳಲ್ಲಿ ಉಗುರಿನ ಬುಡದ ಕ್ಯಾನ್ಸರ್ ಬರುತ್ತದೆ. ಎಕ್ಸ್‌ರೇ ತೆಗೆಸಿ, ಮುಲಾಮು ಹಚ್ಚುತ್ತಾ ಕೂರಬೇಡಿ.

ಉಗುರು ಮರೆಯಬೇಡಿ. ನಡಿಗೆ ಇಲ್ಲದೆ ಸವೆಯುವುದಿಲ್ಲ, ಉದ್ದ ಆಗಿ ಕಾಲನ್ನೇ ಓರೆ ಮಾಡುತ್ತದೆ. ತುದಿ ತುದಿ ಕತ್ತರಿಸಿ. ಜಾಸ್ತಿ ಕತ್ತರಿಸಿ ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ.

ಕೆಂಚ ಈಗ ಬೆಳಿಗ್ಗೆ ಅರ್ಧ ಗಂಟೆ ನಡೆಯುತ್ತಾನೆ. ಮೆತ್ತೆ ಮೇಲೆ ಹುಣಸೆ ಬೀಜದಷ್ಟು ಗಟ್ಟಿ ಗೆರೆ ಉಳಿದಿದೆ, ವಾರಕ್ಕೊಮ್ಮೆ ಬಿರುಕು ಬಿಟ್ಟಿದೆಯಾ ಅಂತ ನೋಡುತ್ತೇನೆ. ಅವನಿಗೆ ಇನ್ನೂ ಮರೆತಿಲ್ಲ. ನಾನು ಆಫೀಸಿಗೆ ಹೊರಡಲು ನನ್ನ ಸಾಕ್ಸ್ ಕೈಗೆ ತಗೊಂಡರೂ ಮಂಚದ ಕೆಳಗೆ ಹೋಗಿ ಕೂರುತ್ತಾನೆ.